ಮೂಲೆಯ ಚಪ್ಪಡಿ ಕಲ್ಲು

ಸ್ನೇಹಿತರೇ, ಮನೆಗಳಿಗೆ ಕೈತೋಟ ವಿನ್ಯಾಸ ಮಾಡಿಕೊಡುವ ನಾನು ಇವತ್ತು ಒಂದು ಸಮಾಧಿಯ ಮೇಲೆ ಕುಳಿತು ನಕ್ಷೆ ಬರೆದೆ. ಅದು ಸಮಾಧಿಯೆಂದು ನನಗೆ ಗೊತ್ತಿರಲಿಲ್ಲ. ಮುಳಬಾಗಿಲಿನ ಹೊಸ ಬಡಾವಣೆ. "ಮೂಲೆಯಲ್ಲಿರೋ ಚಪ್ಪಡಿ ಕಲ್ಲನ್ನೇ ಬೆಂಚು ಮಾಡಿಬಿಡಿ" ಎಂದಿದ್ದರು ಮನೆ ಯಜಮಾನರು. ತೋಟವೆಂದರೆ ಕಣ್ಣು ನಿಲ್ಲುವ ಜಾಗವೊಂದು ಬೇಕೇ ಬೇಕು. ಸಿಕ್ಕಿತಲ್ಲ ಎಂದು ಖುಷಿಪಟ್ಟೆ.

ಅಷ್ಟರಲ್ಲಿ ಗೇಟು ತೆರೆದು ಅಜ್ಜಿಯೊಬ್ಬರು ಬಂದರು. ಕೈಯಲ್ಲಿ ಹಾಲಿನ ಲೋಟ, ಒಂದು ಮೊಳ ಕನಕಾಂಬರ.

"ಸ್ವಲ್ಪ ಏಳಮ್ಮಾ, ನನ್ನ ಮಗಳು ಅಲ್ಲೇ ಮಲಗವ್ಳೆ."

ಬೆಚ್ಚಿ ಎದ್ದೆ. ಬಡಾವಣೆಯಾಗುವ ಮೊದಲು ಇದು ಅವರ ಹೊಲವಂತೆ. ಹಾಲೆರೆದು, ನನ್ನ ಕೈಯ ಅಳತೆ ಟೇಪು, ನಕ್ಷೆಯಲ್ಲಿ ಬರೆದ ಗಿಡಗಳನ್ನು ನೋಡಿ ಕೇಳಿದರು: "ಹೂವಿನ ಗಿಡ ಹಾಕ್ತೀಯಾ? ಹಾಕು ತಲ್ಲೀ, ಅವ್ಳಿಗೆ ಹೂವಂದ್ರೆ ಪ್ರಾಣ."

ಅಜ್ಜಿ ಹೋದ ಮೇಲೆ ಒಳಗೆ ಹೋಗಿ, ನಕ್ಷೆಯನ್ನು ಯಜಮಾನರ ಮೇಜಿನ ಮೇಲಿಟ್ಟು ಕೇಳಿದೆ, "ನಿಮಗೆ ಗೊತ್ತಿರಲಿಲ್ವಾ ಸಾರ್?"

"ಗೊತ್ತಿತ್ತು ಮೇಡಂ. ಕಿತ್ತು ಹಾಕಿದ್ರೆ ನಮಗೇ ದೋಷ. ದಿನಾ ಜನ ಅದ್ರ ಮೇಲೆ ಕೂತು ಕಾಫಿ ಕುಡಿದ್ರೆ, ಆಯಮ್ಮನೇ ಬರೋದು ನಿಲ್ಲಿಸ್ತಾಳೆ."

ಈ ಕೆಲಸ ನನ್ನಿಂದಾಗದು ಎಂದು ಹೇಳಿ ಬಂದುಬಿಟ್ಟೆ. ಆದರೆ ನಕ್ಷೆ ಅವರ ಮೇಜಿನ ಮೇಲೆಯೇ ಉಳಿಯಿತು. ಅದರಲ್ಲಿ ಆ ಕಲ್ಲಿನ ಪಕ್ಕ "ನಾಲ್ಕು ಜನ ಆರಾಮಾಗಿ ಕೂರಬಹುದು" ಎಂದು ಬರೆದವಳು ನಾನೇ.