ಮಗ್ಗ ನಿಲ್ಲಿಸಿ ಓದುತ್ತಿದ್ದ ಸುವಾರ್ತೆ

ಇವತ್ತು ಬೆಳಿಗ್ಗೆ ದೊಡ್ಡಬಳ್ಳಾಪುರದ ನಮ್ಮ ಬೀದೀಲಿ ಕರೆಂಟ್ ಹೋಯ್ತು. ಪವರ್‌ಲೂಮ್‌ಗಳೆಲ್ಲ ಒಟ್ಟಿಗೇ ನಿಂತು, ಬೀದಿಗೆ ಬೀದಿಯೇ ಸುಮ್ಮನಾಯಿತು. ಆ ಮೌನಕ್ಕೆ ನಾನು ಥಟ್ಟನೆ ಚಿಕ್ಕ ಹುಡುಗಿಯಾಗಿಬಿಟ್ಟೆ.

ನಮ್ಮಪ್ಪ ದಿನಾ ಬೆಳಿಗ್ಗೆ, ಎಷ್ಟೇ ಅರ್ಜೆಂಟ್ ಸೀರೆ ಇದ್ದರೂ, ಮಗ್ಗ ಆಫ್ ಮಾಡಿ ಬೈಬಲಿನ ಸುವಾರ್ತೆ ಓದಿಸುತ್ತಿದ್ದರು. ಓದೋಳು ನಾನು. ಮಗ್ಗದ ಸದ್ದಲ್ಲೇ ಬೆಳೆದವಳು; ಅದು ನಿಂತರೂ ನನ್ನ ದನಿ ಇಳಿಯುತ್ತಿರಲಿಲ್ಲ. ಒಂದಿನ, ಯೇಸುವಿನ ಶಿಷ್ಯ ಪೇತ್ರ ನೀರಲ್ಲಿ ಮುಳುಗುತ್ತಾ ಕಾಪಾಡು ಅಂತ ಕೂಗುವ ಭಾಗವನ್ನಂತೂ ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

ಅಪ್ಪ ಬೆರಳಿಗಂಟಿದ ರೇಷ್ಮೆ ಎಳೆ ಬಿಡಿಸಿಕೊಳ್ಳುತ್ತಾ ನಕ್ಕರು. "ಮೆಲ್ಲಗೆ ಓದವ್ವ, ಯೇಸಪ್ಪಂಗೆ ಕಿವಿ ಚೆನ್ನಾಗೇ ಕೇಳ್ತದೆ. ಪೇತ್ರ ಜೋರಾಗಿ ಕೂಗಿದ ಅಂತ ಬದುಕಲಿಲ್ಲ. ಯೇಸಪ್ಪ ಕೈ ಹಿಡ್ಕೊಂಡ, ಅದಕ್ಕೆ ಬದುಕಿದ. ನಮ್ಮ ರಕ್ಷಣೇನೂ ಅಷ್ಟೇ ಕಣವ್ವ."

ಈಗ ಮಗ್ಗದ ಸದ್ದು ಅಪ್ಪನ ಕಿವಿಯನ್ನೇ ತಿಂದುಹಾಕಿದೆ. ನಾಳೆ ಆಸ್ಪತ್ರೆಗೆ ಸೇರಿಸಬೇಕು, ಹಾರ್ಟ್ ಆಪರೇಶನ್. ಕರೆಂಟ್ ಇಲ್ಲದ ಆ ಹೊತ್ತಲ್ಲಿ ಅವರ ಮಂಚದ ಪಕ್ಕ ಕೂತು ಅದೇ ಭಾಗ ತೆಗೆದೆ. ಅವರಿಗೆ ಕೇಳಲಿ ಅಂತ ಕಿರುಚಿ ಓದಿದೆ. ನನ್ನ ಕತ್ತಿನ ನರ ಉಬ್ಬಿದ್ದು ನೋಡಿ ಅಪ್ಪ ಕೈ ಹಿಡಿದುಕೊಂಡರು.

"ಮೆಲ್ಲಗೆ ಓದವ್ವ. ನಂಗೆ ಕೇಳ್ದಿದ್ರೇನು, ಅವನಿಗೆ ಕೇಳ್ತದಲ್ಲ."