ಜೀಪಿನ ಹೊಟ್ಟೆಗೊಂದು ತಗಡು

೧೯೯೪ರ ಸುಗ್ಗಿ. ಆಗ ನಾವು ಕಿಕ್ಕೇರಿ ಹತ್ತಿರದ ಹಳ್ಳಿಯಲ್ಲಿದ್ದೆವು. ನಮ್ಮ ಯಜಮಾನರು ಹಳೆಯ ಜೀಪೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಸ್ಟೀರಿಂಗ್ ಅವರದು, ಯಾರನ್ನು ಯಾವಾಗ ಒಯ್ಯಬೇಕೆಂದು ಗೊತ್ತುಮಾಡುವುದು, ಗಾಡಿ ತೊಳೆಯುವುದು, ನಿಂಬೆಹಣ್ಣು ಕಟ್ಟುವುದು ನನ್ನ ಪಾಲು. ಮನೆಗೆಲಸದ ಜೊತೆಗೆ ದೇವರು ಕೊಟ್ಟ ಇನ್ನೊಂದು ಉದ್ಯೋಗ ಅಂದುಕೊಂಡಿದ್ದೆ.

ಪಕ್ಕದ ಮನೆ ಜಯಮ್ಮನ ಮಗಳು ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಬಂದರೆ ಕೆ.ಆರ್. ಪೇಟೆ ಆಸ್ಪತ್ರೆಗೆ ನಮ್ಮ ಜೀಪೇ ಗತಿ. ಟಾರು ರಸ್ತೆ ಸೇರುವ ತನಕ ಬಂಡಿದಾರಿ, ಬರೀ ಕಲ್ಲು. ಹಿಂದಿನ ತಿಂಗಳಷ್ಟೇ ಕಲ್ಲು ಬಡಿದು ಆಯಿಲ್ ಚೇಂಬರ್, ಅಂದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ಒಡೆದು ಜೀಪು ನಡುದಾರಿಯಲ್ಲೇ ನಿಂತಿತ್ತು. ಒಳಗೆ ಸವಿತಾ ಇದ್ದಾಗ ಹಾಗಾದರೆ?

ಜೀಪಿನ ತಳಕ್ಕೆ ಕಲ್ಲು ತಾಗದಂತೆ ತಗಡು ಹಾಕಿಸಲು ಶ್ರೀರಂಗಪಟ್ಟಣದ ಮೆಕ್ಯಾನಿಕ್ ರಹಮತ್ ಅವರ ಹತ್ತಿರ ಹೋದೆವು.

"ಎರಡು ಥರ ಹಾಕ್ಬೋದು ಗೌಡ್ರೆ. ಚೇಂಬರು, ಗೇರ್ ಬಾಕ್ಸ್ ಕೆಳಗೆ ಮಾತ್ರ ತಗಡು. ಇಲ್ಲಾಂದ್ರೆ ಪೂರಾ."

"ಪೂರಾ ಹಾಕ್ಬುಡಿ. ಅರ್ಧ ಹೊದಿಸಕೆ ಇದೇನು ತೂತು ಕಂಬ್ಳಿಯಾ?" ಎಂದರು ನಮ್ಮವರು.

ಮೂರು ಮಿಲಿಮೀಟರ್ ದಪ್ಪದ ತಗಡು ಮುಂದಿನಿಂದ ಹಿಂದಿನವರೆಗೂ ಕೂತಿತು. ಗಂಜಾಂನಲ್ಲಿ ನಿಮಿಷಾಂಬ ತಾಯಿಗೆ ಕೈಮುಗಿದು, ಪಾಂಡವಪುರದ ಮೇಲೆ ಊರ ದಾರಿ ಹಿಡಿದೆವು. ಕಿಕ್ಕೇರಿ ದಾಟಿದ ಮೇಲೆ ರಸ್ತೆಯುದ್ದಕ್ಕೂ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಒಕ್ಕಣೆಯೇ ಹಾಗೆ. ಬಸ್ಸು ಲಾರಿಗಳ ಗಾಲಿ ಹರಿದು ಕಾಳು ಬಿಡುತ್ತದೆ. ನಾವೂ ಅದರ ಮೇಲೇ ಜೀಪು ಹತ್ತಿಸಿಕೊಂಡು ಹೋದೆವು.

"ಒಲೆ ಹೊಗೆ ವಾಸ್ನೆ ಬತ್ತಾ ಅದೆ" ಎಂದೆ.

"ನಿಂಗೆ ಎಲ್ಲೋದ್ರೂ ಒಲೆದೇ ಗ್ಯಾನ ಕಣೆ."

ಅಷ್ಟರಲ್ಲಿ ಕಾಲಡಿಯಿಂದಲೇ ಹೊಗೆ ಎದ್ದಿತು. ಹಾರಿ ಇಳಿದೆವು. ಕಾಳು ತೂರುತ್ತಿದ್ದ ಹೆಂಗಸರು ಕುಡಿಯಲು ತಂದಿದ್ದ ನೀರನ್ನೆಲ್ಲ ಸುರಿದು ಆರಿಸಿದರು. ಅವರಲ್ಲಿ ಹಿರಿಯಳಾದ ಕೆಂಪಜ್ಜಿ ಸೊಂಟದ ಮೇಲೆ ಕೈಯಿಟ್ಟು ನಮ್ಮವರನ್ನು ನೋಡಿ, "ಏನ್ಲಾ, ಹುರುಳಿ ಒಕ್ಕ್‌ಕೊಡು ಅಂದ್ರೆ ಬೇಯ್ಸೇ ಕೊಡ್ತೀಯಲ್ಲಾ" ಎಂದಳು. ನಗು ತಡೆಯಲಾಗಲಿಲ್ಲ. ಹೊಗೆಯಲ್ಲೇ ಮುಗಿಯಿತು, ನೀರು ಹತ್ತಿರವಿತ್ತು, ಸವಿತಾ ಒಳಗಿರಲಿಲ್ಲ, ದೇವರು ದೊಡ್ಡವನು.

ಮಾರನೆಯ ದಿನ ಮತ್ತೆ ಶ್ರೀರಂಗಪಟ್ಟಣಕ್ಕೆ ಹೋದೆವು, ರಹಮತ್ ಜೀಪಿನ ಕೆಳಗೆ ತೂರಿ ನೋಡಿದರು. ಮೇಲೆ ಕಾದ ಸೈಲೆನ್ಸರ್, ಕೆಳಗೆ ತಗಡು, ನಡುವೆ ಒತ್ತಿಕೊಂಡ ಹುರುಳಿ ಸೊಪ್ಪೆ. "ಅಲ್ಲಾ, ನಾನು ತಗಡು ಹಾಕಿಲ್ಲ ಅಕ್ಕಾ, ಒಲೆ ಕಟ್ಟಿಕೊಟ್ಟಿದೀನಿ!"

"ಚೇಂಬರ್ ಕೆಳಗಿರೋದು ಇರ್ಲಿ ಭಾಯಿ. ಸೈಲೆನ್ಸರ್ ಬುಡ ಬಯಲಾಗ್ಲಿ. ಕೈ ಆಡೋ ಅಷ್ಟು ಸಂದಿ ಬುಡಿ, ಒಲೆ ಬೂದಿ ತೆಗೆಯೋ ಅಂಗೆ ಸೊಪ್ಪೆನ ನಾನೇ ದಿನಾ ತೆಗೀತೀನಿ" ಎಂದೆ. ಹಿಂದಿನ ತಗಡು ಕತ್ತರಿಸಿದರು. ಪೂರಾ ಹೊದಿಸಿ ಅಂದಿದ್ದ ಯಜಮಾನರೇ ತಗಡು ಹಿಡಿದುಕೊಂಡರು.

ಮುಂದಿನ ವಾರ ಮಧ್ಯಾಹ್ನ ಸವಿತಾಗೆ ನೋವು ಬಂತು. ಬಂಡಿದಾರಿಯಲ್ಲಿ ತಗಡಿಗೆ ಕಲ್ಲು ಠಣ್ಣೆಂದಾಗಲೆಲ್ಲ ಜಯಮ್ಮ "ಶಿವಾ" ಅನ್ನುತ್ತಿದ್ದಳು. ಎಣ್ಣೆ ಒಂದು ಹನಿ ಸೋರಲಿಲ್ಲ. ಹುರುಳಿ ರಸ್ತೆ ದಾಟಿದ ಮೇಲೆ ನಿಲ್ಲಿಸಿ, ನಾನು ಬಗ್ಗಿ ಸೊಪ್ಪೆ ಎಳೆಯುತ್ತಿದ್ದರೆ ಸವಿತಾ ಹಲ್ಲು ಕಚ್ಚಿಕೊಂಡು, "ದೊಡ್ಡವ್ವ, ಕಾಳು ಆಮೇಲೆ ಆರಿಸ್ಕೊಳುವ್ರಂತೆ, ಈಗ ಗಾಡಿ ಅತ್ತಿ" ಎಂದಳು. ಆ ನೋವಿನಲ್ಲೂ ನಗಿಸಿದಳು ಹುಡುಗಿ.

ಸಂಜೆಗೆ ಮುಂಚೆ ಹೆಣ್ಣುಮಗು. ತಾಯಿ ಮಗು ಇಬ್ಬರೂ ಗಟ್ಟಿ.

ಪೆಟ್ಟು ಬೀಳುವ ಕಡೆ ತಗಡಿರಬೇಕು, ಬಿಸಿಯೇರುವ ಕಡೆ ಗಾಳಿಯಾಡಬೇಕು. ಆ ಜೀಪು ನನಗೆ ಕಲಿಸಿದ್ದು ಇಷ್ಟೇ. ಆಮೇಲೆ ಮಕ್ಕಳನ್ನು ಬೆಳೆಸುವಾಗಲೂ ಅದು ಉಪಯೋಗಕ್ಕೆ ಬಂತು.