ಗೆರೆಯಕ್ಕನ ಹಾಳೆಗಳು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರ್ಛೆರೋಗ ವಿಭಾಗಕ್ಕೆ ಡಾಕ್ಟರು ಬರಲು ಇನ್ನೂ ಮೂರು ಗಂಟೆಯಿದೆ. ನೆಲ ಒರೆಸಿ ಮುಗಿಸಿದ ಆಯಾ ಬೆಂಚಿನ ತುದಿಯಲ್ಲಿ ಕೂತು, ಸ್ಕೇಲು ಹಿಡಿದು ಹಾಳೆಗೆ ಗೆರೆ ಎಳೆಯುತ್ತಿದ್ದಾರೆ. ಹಾಳೆಗೊಂದು ತಿಂಗಳು, ಚೌಕದ ಮನೆಗೊಂದು ದಿನ. ದಿನಕ್ಕೆ ಇಪ್ಪತ್ತು ಹಾಳೆ, ಹದಿನೇಳು ವರ್ಷದಿಂದ. ಇಲ್ಲಿಗೆ ಬರುವ ಹೆಂಗಸರಿಗೆಲ್ಲ ಅವರು ಗೆರೆಯಕ್ಕ.

ಮುಟ್ಟಾದ ದಿನಕ್ಕೆ ಚುಕ್ಕೆ, ಫಿಟ್ಸ್ ಬಂದ ದಿನಕ್ಕೆ ತ್ರಿಕೋನ. ನಮ್ಮಜ್ಜಿಯ ಕತೆಗಳಲ್ಲಿ ರಾಕ್ಷಸನ ಜೀವ ಏಳು ಕಡಲಿನಾಚೆಯ ಗಿಳಿಯೊಳಗಿರುತ್ತಿತ್ತು. ಕೆಲವು ಹೆಂಗಸರ ಫಿಟ್ಸ್ ಅಡಗಿ ಕೂರುವುದು ಚುಕ್ಕೆಗಳ ಅಕ್ಕಪಕ್ಕದ ಮನೆಯಲ್ಲಿ. ಅದು ಕಣ್ಣಿಗೆ ಬಿದ್ದರೆ ಡಾಕ್ಟರಿಗೆ ಮದ್ದು ಹೊಂದಿಸುವ ದಾರಿ ಸಿಗುತ್ತದೆ.

ಆದರೆ ಎಷ್ಟೋ ಜನ ಮನೆಯಲ್ಲಿ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. “ಒಬ್ಬಳು ಹಾಳೇನ ಅಡುಗೆಮನೆ ಗೋಡೆಗೆ ಅಂಟಿಸಿದ್ಲು. ಈ ತ್ರಿಕೋನ ಏನೇ ಅಂದ್ನಂತೆ ಗಂಡ. ಸಿಲಿಂಡರ್ ಬಂದ ದಿನ ರೀ ಅಂದ್ಳಂತೆ. ತಿಂಗಳಿಗೆ ನಾಲ್ಕಾ? ಊರಿಗೆಲ್ಲ ನೀನೇ ಬೇಯಿಸಿ ಹಾಕ್ತೀಯಾ ಅಂತ ಕೇಳಿದ್ನಂತೆ!” ಎಂದು ನಗುತ್ತಾರೆ ಗೆರೆಯಕ್ಕ.

ನಗು ನಿಂತಾಗ ಎಡ ಮುಂಗೈಯ ಸುಟ್ಟ ಕಲೆಯನ್ನು ಸವರಿಕೊಳ್ಳುತ್ತಾರೆ. “ನಂಗೂ ಇತ್ತು. ಬಸುರಿ ಆದಾಗ ಮಗೂಗೆ ಏನಾದ್ರೂ ಆದೀತು ಅಂತ ಯಾರನ್ನೂ ಕೇಳ್ದೆ ಮಾತ್ರೆ ಬಿಟ್ಟೆ. ಒಲೆ ಮುಂದೇನೇ ಬಿದ್ದೆ. ಕೈ ಉಳೀತು. ಮಗು ಉಳೀಲಿಲ್ಲ.”

ಇವತ್ತು ಅವರ ಕಣ್ಣು ಬಾಗಿಲಲ್ಲೇ ಇದೆ. ಹೋದ ತಿಂಗಳು ಬಂದಿದ್ದ ಹೊಲಿಗೆಯ ಹುಡುಗಿಗೆ ಮದುವೆಯಾಗಿ ಆರು ತಿಂಗಳು. ಮಗು ಬೇಕು. ಬಸುರಾಗುವ ಮೊದಲೇ ಮಾತ್ರೆ ಬದಲಿಸಬೇಕು, ಅದಕ್ಕೆ ಸರಿಯಾದ ಲೆಕ್ಕ ಬೇಕು ಎಂದಿದ್ದಾರೆ ಡಾಕ್ಟರು. ಅವಳ ಹಾಳೆಯಲ್ಲಿ ಒಂದೂ ತ್ರಿಕೋನವಿರಲಿಲ್ಲ. ನಾಲಿಗೆಯ ಮೇಲೆ ಮಾತ್ರ ಕಚ್ಚಿದ ಗಾಯವಿತ್ತು.

“ನಿದ್ದೇಲಿ ಬಂದಿದ್ದು ನಿಂಗೆ ಹೇಗೆ ಗೊತ್ತಾಗ್ಬೇಕು ತಾಯಿ? ಪಕ್ಕದಲ್ಲಿ ಮಲಗಿದವನು ಬರೀಬೇಕು. ಗಂಡನಿಗೆ ಹೇಳು,” ಅಂದಿದ್ದರು ಗೆರೆಯಕ್ಕ.

“ಹೇಳಿದ್ರೆ ತವರಿಗೆ ಕಳಿಸಿಬಿಟ್ರೆ ಅಕ್ಕಾ?”

ಹತ್ತು ಗಂಟೆಗೆ ಹುಡುಗಿ ಬರುತ್ತಾಳೆ. ಹಾಳೆಯಲ್ಲಿ ಅವಳ ಪೆನ್ನಿನ ದುಂಡು ಚುಕ್ಕೆಗಳು. ಅವುಗಳ ಪಕ್ಕದಲ್ಲೇ ದಪ್ಪ ಪೆನ್ಸಿಲಿನ ಎರಡು ಸೊಟ್ಟ ತ್ರಿಕೋನಗಳು. ಒಂದರ ಕೆಳಗೆ, ‘ಬೆಳಗಿನ ಜಾವ ನಾಲ್ಕೂ ಹತ್ತು. ಎರಡು ನಿಮಿಷ.’ ಅವಳ ಹಿಂದೆ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಬಡಗಿಯೊಬ್ಬ ನಿಂತಿದ್ದಾನೆ.

“ಮರದ ಮೇಲೆ ಗೆರೆ ನೇರ ಬರುತ್ತೆ ಅಕ್ಕ. ಇದನ್ನ ಬರೆಯೋವಾಗ ಕಣ್ಣು ಇವಳ ಮೇಲೇ ಇತ್ತು.”

ಗೆರೆಯಕ್ಕ ಹೊಸ ಹಾಳೆಯೊಂದನ್ನು ಅವನ ಕೈಗೇ ಕೊಡುತ್ತಾರೆ.

“ಸೊಟ್ಟ ಆದ್ರೇನಪ್ಪ, ನೀನು ಬರಿ. ನೇರ ಗೆರೆ ಎಳೆಯೋಕೆ ನಾನಿದೀನಲ್ಲ.”